ಬೆನ್ನಿಗೆ ಮಣ್ಣಿಲ್ಲ

ನೆಬ್ರಾಸ್ಕಾದ ಪಡುವಣ ಅಂಚು, ಮಾರ್ಚ್ ತಿಂಗಳು.
ಗಾಳಿ ಬೇಲಿಯನ್ನೇ ಕಿತ್ತು ಒಯ್ಯುವಂತಿದೆ.
ಕಾಲೇಜಿನ ಹೆಸರು ಕೇಳಿದರೆ ಪೆಟ್ರೋಲ್ ಬಂಕಿನವನೂ
ಒಂದು ಗಳಿಗೆ ಯೋಚಿಸಿ ಕೈ ತೋರಿಸುತ್ತಾನೆ:
ಆ ಧಾನ್ಯದ ಗೋಪುರ ದಾಟಿ, ಎಡಕ್ಕೆ.

ಮೈದಾನದಲ್ಲಿ ನಾವು ಮೂವರು ನೋಡುಗರು.
ಒಬ್ಬ ಕಾರಿನಿಂದ ಇಳಿಯಲೇ ಇಲ್ಲ.
ಇನ್ನೊಬ್ಬನ ಗಡಿಯಾರ ನಾಲ್ಕು ಪಾಯಿಂಟ್ ಆರು ನಾಲ್ಕು ಎಂದಿತು,
ನನ್ನದು ನಾಲ್ಕು ಪಾಯಿಂಟ್ ಐದು ಎಂಟು.
ನಲವತ್ತು ಗಜ ಓಡಿದ ಹುಡುಗನ ಪಾಲಿಗೆ
ಆ ನಡುವಿನ ಚೂರು ಹೊತ್ತೆಂದರೆ
ಒಂದು ಮನೆ, ಒಂದು ಕಾರು, ಅಜ್ಜಿಯ ಹಲ್ಲುಸೆಟ್ಟು.
ನನ್ನ ಪಾಲಿಗೆ, ಹೆಬ್ಬೆರಳಿನ ಸಂಧಿವಾತ.

ಹೆಸರು ಕ್ವಿಲನ್ ಓಡಮ್. ಮೂವತ್ತಮೂರನೆಯ ನಂಬರು.
ಎತ್ತರ ಸಾಲದು. ಅಂಗೈ ಚಿಕ್ಕದು.
ಟೇಪು ಹಿಡಿದು ತೊಡೆಯ ಸುತ್ತಳತೆ ಬರೆದುಕೊಳ್ಳುವಾಗ
ಅವನು ದೂರದ ಗೋಲಿನ ಕಂಬ ನೋಡುತ್ತಿದ್ದ,
ನಾನು ಕಾಗದ ನೋಡುತ್ತಿದ್ದೆ.
ನನ್ನ ಮುತ್ತಜ್ಜನ ಅಪ್ಪನನ್ನೂ ಹೀಗೇ ಒಂದು ಕಟ್ಟೆಯ ಮೇಲೆ ನಿಲ್ಲಿಸಿ
ಯಾರೋ ಬರೆದುಕೊಂಡಿದ್ದರಂತೆ.
ಇಬ್ಬರಿಗೂ ಗೊತ್ತು. ಇಬ್ಬರೂ ಆಡಲಿಲ್ಲ.
"ಇನ್ನೊಂದು ಕಾಲು," ಎಂದೆ.

ರಾತ್ರಿ ಮೋಟೆಲಿನಲ್ಲಿ ವಿಡಿಯೊ ಹಾಕಿಕೊಂಡು ಕೂತೆ.
ಹೀಟರು ಕೆಮ್ಮುತ್ತಿತ್ತು.
ಮೂವತ್ತೆಂಟಕ್ಕೆ ಮೂರು: ಸೋತ ಆಟ, ಕೊನೆಯ ನಿಮಿಷಗಳು,
ನೋಡುವವರೆಲ್ಲ ಎದ್ದು ಹೋದ ಬೆಂಚುಗಳು.
ಚೆಂಡು ಇವನ ಕೈಯಲ್ಲಿಲ್ಲ.
ಎಡಗಡೆಯಿಂದ ನುಗ್ಗಿದ ಗೂಳಿಯಂಥವನಿಗೆ
ಅಡ್ಡ ನಿಂತು ಎದೆ ಕೊಟ್ಟ;
ಹಿಂದಿದ್ದ ಕ್ವಾರ್ಟರ್‌ಬ್ಯಾಕ್‌ಗೆ ಎರಡು ಉಸಿರಿನಷ್ಟು ಹೊತ್ತು ಸಿಕ್ಕಿತು.
ಎಸೆದ. ಹಿಡಿಯಬೇಕಾದವನು ಕೈಚೆಲ್ಲಿದ.
ಲೆಕ್ಕದ ಪುಸ್ತಕದಲ್ಲಿ ಇದು ಸೊನ್ನೆ.
ಹಿಂದೆ ತಿರುಗಿಸಿ ತಿರುಗಿಸಿ
ನಡುರಾತ್ರಿಯವರೆಗೆ ಆ ಸೊನ್ನೆಯನ್ನೇ ನೋಡಿದೆ.

ಬೆಳಿಗ್ಗೆ ಬಟ್ಟೆ ಒಗೆಯುವ ಕೋಣೆಗೆ ಹೋದೆ.
ಕೋಚುಗಳು ಹೊಗಳುತ್ತಾರೆ, ಅದು ಅವರ ಹೊಟ್ಟೆಪಾಡು;
ಒಗೆಯುವವರಿಗೆ ಸುಳ್ಳಿನಿಂದ ಲಾಭವಿಲ್ಲ.
ವೆಲ್ಡಾ ಸ್ಟೂಬೆ, ಇಪ್ಪತ್ತಾರು ವರ್ಷದಿಂದ ಇಲ್ಲೇ,
ಬ್ಲೀಚಿಗೆ ಬಿಳಿಚಿದ ಉಗುರು.
"ಮೂವತ್ತಮೂರಾ?" ಎಂದಳು ಜೆರ್ಸಿ ಕೊಡವುತ್ತ,
"ಎದೆ ತಿಕ್ಕಿ ತಿಕ್ಕಿ ನನ್ನ ಮಣಿಕಟ್ಟು ಹೋಗಿದೆ.
ಮೊಣಕೈ ಕಥೆ ಕೇಳಲೇಬೇಡಿ.
ಬೆನ್ನಿಗೆ ಮಾತ್ರ, ನಾಲ್ಕು ವರ್ಷದಲ್ಲಿ,
ಒಂದು ದಿನ ಬ್ರಷ್ ಹಾಕಿಲ್ಲ."

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು
ಬೇಕಾದಷ್ಟು ಕಂಡಿದ್ದೇನೆ, ಬರೆದಿದ್ದೇನೆ,
ಅವರಲ್ಲಿ ಕೆಲವರು ಈಗ ಶ್ರೀಮಂತರು.
ಇವನ ಮೀಸೆ ತುಂಬ ಮಣ್ಣು.
ಬೀಳುವುದೇನೋ ಬೀಳುತ್ತಾನೆ, ಎಲ್ಲರ ಹಾಗೆ.
ಮುಂದಕ್ಕೆ ಬೀಳುತ್ತಾನೆ.

ವರದಿಯ ಕೊನೆಯ ಚೌಕದಲ್ಲಿ ಬರೆದೆ: ಬೆನ್ನಿಗೆ ಮಣ್ಣಿಲ್ಲ.
ಕಚೇರಿಯಿಂದ ಫೋನು. ಮೂವತ್ತು ದಾಟದ ದನಿ:
"ಓರ್ವಿಲ್, ಇದಕ್ಕೆ ಎಷ್ಟು ಅಂಕ ಹಾಕಲಿ?"
"ಗೊತ್ತಿಲ್ಲ," ಎಂದೆ.
ಕೀಲಿಮಣೆಯ ಸದ್ದು ಕೇಳಿಸಿತು. ಅಳಿಸಿರಬೇಕು.

ಏಪ್ರಿಲ್. ಮೂರು ದಿನ ಹೆಸರು ಕೂಗಿದರು.
ಟೋಪಿ, ಅಪ್ಪುಗೆ, ಅಮ್ಮಂದಿರ ಅಳು.
ಏಳನೆಯ ಸುತ್ತೂ ಸೋರಿ ಹೋಯಿತು,
ಅವನ ಹೆಸರಿನ ಮೊದಲಕ್ಷರ ಯಾರ ಬಾಯಲ್ಲೂ ಬರಲಿಲ್ಲ.
ಉಳಿದವರನ್ನು ಹೆಕ್ಕುವ ಹೊತ್ತಿಗೆ
ನನ್ನ ಕೈಗೊಂದು ಚೀಟಿ ಬಂತು: ಒಬ್ಬನನ್ನು ಕರೆಯಬಹುದು.
ಮೂರು ದಿನದ ಪರೀಕ್ಷೆ. ಬಸ್ ಖರ್ಚು. ಮಾತು ಕೊಡಬೇಡಿ.

ಫೋನು ಮಾಡಿದೆ.
ಆ ಕಡೆ ಧಾನ್ಯ ಸುರಿಯುವ ಯಂತ್ರದ ಮೊರೆತ.
ಹೇಳಬೇಕಾದ್ದನ್ನೆಲ್ಲ ಹೇಳಿದೆ, ಕೂಗಿ ಕೂಗಿ.
"ಸರ್, ಏನೂ ಕೇಳಿಸ್ತಿಲ್ಲ," ಎಂದ.
"ಹತ್ತಕ್ಕೆ ಪಾಳಿ ಮುಗಿಯುತ್ತೆ. ಆಮೇಲೆ ಮಾಡ್ತೀರಾ?"

ಮಾಡ್ತೀನಿ, ಎಂದೆ.
ಏಳೂಕಾಲು ಆಗಿತ್ತು.
ಕಿಸೆಯಿಂದ ಓಟದ ಗಡಿಯಾರ ತೆಗೆದು
ಗುಂಡಿ ಒತ್ತಿ ಕೂತೆ.