ಕೋಷ್ಟಕ ಏಳು, ಸಾಲು ಹದಿನಾಲ್ಕು

ಆ ಸಾಲನ್ನು ಟೈಪು ಮಾಡಿದವನು ನಾನೇ.
ಲುಸಾಕಾದ ಹಣಕಾಸು ಕಚೇರಿ, ನಾಲ್ಕನೇ ಮಹಡಿ,
ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ
ಮೇಲೊಂದು ತಾಮ್ರದ ಅದಿರಿನ ಹೆಂಟೆ.
ದಾದಿಯರ ಹೊಸ ನೇಮಕ: ಸೊನ್ನೆ.
ರಿಬ್ಬನ್ನು ಸವೆದಿತ್ತು, ಸೊನ್ನೆ ಅರ್ಧವೇ ಬಿತ್ತು.
ಹಿಂದೆ ಸರಿಸಿ, ಅದರ ಮೇಲೇ ಇನ್ನೊಂದು ಸಲ ಕುಟ್ಟಿದೆ.

ಸಾಲ ಕೊಡುವವರು ಮೂರು ಜನ ಬಂದಿದ್ದರು.
ಕೆಟ್ಟವರೆಂದರೆ ನಾಲಿಗೆಗೆ ಹುಳ ಬಿದ್ದೀತು.
ಒಬ್ಬಾಕೆ ನನ್ನ ಮಗಳ ಹೆಸರು ಕೇಳಿ
ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿಯೇ ಅಂದಳು: ಮ್ವೆನ್ಯಾ.
ಸಂಬಳದ ಬಾಬತ್ತು ಎಂಟು ಪರ್ಸೆಂಟು ದಾಟಬಾರದು, ಅಷ್ಟೇ.
ದಾಟಿದರೆ ಜೂನಿನ ಕಂತು ಇಲ್ಲ;
ಕಂತಿಲ್ಲದಿದ್ದರೆ ಡೀಸೆಲ್ಲಿಲ್ಲ, ಕ್ವಿನೈನಿಲ್ಲ,
ಟೈಪು ಮಾಡುವವನಿಗೂ ಇಲ್ಲ.
'ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪಾ' ಎಂದರು ನಮ್ಮ ಸಾಹೇಬರು,
ಶೂ ಬಿಚ್ಚಿ, ಮೇಜಿನಡಿ ಕಾಲು ಚಾಚುತ್ತಾ.
ತಾಮ್ರದ ಬೆಲೆ ಯಾವ ಊರಲ್ಲಿ ಕೂತು ಇಳಿಸುತ್ತಾರೆ,
ಹಾಸಿಗೆ ಮೋಟು ಮಾಡಿದ ಕತ್ತರಿ ಯಾರದು,
ಕೇಳುವುದಿತ್ತು.
ಚಹಾ ಬಂತು.

ಕಿಟ್ವೆಯಿಂದ ತಂಗಿಯ ಫೋನು ಬಂದದ್ದು ಮಾರ್ಚಿನಲ್ಲಿ.
ಮಗನಿಗೆ ಮಲೇರಿಯಾ, ತಲೆಗೇರಿದೆ.
ಮಧ್ಯಾಹ್ನದ ಬಸ್ಸು ಹಿಡಿದು ಇಳಿದಾಗ ಕತ್ತಲೆ;
ಗಣಿಯ ಕಪ್ಪು ಗುಡ್ಡದ ಮೇಲೆ ಸುಡುವ ಕಿಟ್ಟ ಸುರಿಯುತ್ತಿದ್ದರು,
ಊರಿಗೆಲ್ಲ ಕೆಂಪು ಬೆಳಕು, ಪುಕ್ಕಟೆ.
ವಾರ್ಡಿನಲ್ಲಿ ಹಾಸಿಗೆಗೇನೂ ಬರವಿಲ್ಲ ಸಾಹೇಬರೇ,
ನಲವತ್ತು, ಕಬ್ಬಿಣದವು. ಎಷ್ಟೇ ಕಾಲು ಚಾಚಿದರೂ
ಮಕ್ಕಳು ಹಾಸಿಗೆಯ ಅರ್ಧಕ್ಕೂ ಬರುವುದಿಲ್ಲ.
ನಲವತ್ತಕ್ಕೆ ಒಬ್ಬಳೇ ದಾದಿ,
ಅವಳೂ ಹೆರಿಗೆ ಕೋಣೆಗೆ ಓಡಿದ್ದಳು.
ಬಾಟಲಿಯಲ್ಲಿ ಉಳಿದದ್ದು ಬೆರಳಗಲ ನೀರು.
ತಂಗಿ ನನ್ನ ಕೋಟು ನೋಡಿದಳು: ಸರ್ಕಾರದ ಕೋಟು,
ಏನಾದರೂ ಮಾಡೀತು ಅಂತ.

ಗೇಟಿನಾಚೆ ಮೇಣದಬತ್ತಿ ಹಚ್ಚಿಕೊಂಡು
ಕಪೆಂಟಾ ಮಾರುತ್ತಾ ಕೂತಿದ್ದಳು ಮುಕುಕಾ.
ಕಿರುಬೆರಳುದ್ದದ ಒಣಮೀನು, ಗುಪ್ಪೆ ಗುಪ್ಪೆ.
'ಅವಳನ್ನು ಕರೀರಿ' ಎಂದ ಕಾವಲಿನವ,
'ಮೂರು ವರ್ಷ ಇಲ್ಲೇ ಓದಿದವಳು, ಪದಕ ಬೇರೆ ಬಂದಿದೆ.'
ಬಂದಳು. ಬೂದಿ ಹಚ್ಚಿ ಮೊಣಕೈವರೆಗೆ ತೊಳೆದಳು,
ಆದರೂ ಮೀನಿನ ವಾಸನೆ.
ಕೊಳವೆ ಚಿವುಟಿ ಹಿಡಿದಳು, ಹೊಸ ಬಾಟಲಿ ಸಿಕ್ಕಿಸಿದಳು,
ನನ್ನ ಗಡಿಯಾರ ಇಸಕೊಂಡು ಹನಿ ಎಣಿಸಿದಳು.
'ಕೆಲಸದ ಪತ್ರ ಬರುತ್ತದಂತೆ' ಅಂದಳು ಎಣಿಕೆಯ ನಡುವೆ,
'ಲುಸಾಕಾದಲ್ಲಿ ಎಲ್ಲೋ ಸಿಕ್ಕಿಕೊಂಡಿದೆ.
ನೀವು ಅಲ್ಲಿಯವರಲ್ಲವೇ?'

ಅಲ್ಲಿಯವನೇ.

ಬೆಳಗಿನ ಜಾವ ನಮ್ಮ ಹುಡುಗ ಕಣ್ಣು ಬಿಟ್ಟ.
ಪಕ್ಕದ ಹಾಸಿಗೆ, ಅವಳು ಬರುವ ಮುಂಚೆಯೇ, ತೆರವಾಗಿತ್ತು;
ತಾಯಿ ಸೊಂಟದ ಚಿಟೆಂಗೆ ಬಿಚ್ಚಿ
ಮಗುವನ್ನು ಅದರಲ್ಲೇ ಸುತ್ತಿ ಎತ್ತಿಕೊಂಡು ಹೋಗಿದ್ದಳು.
ತೆರವಾದ ಹಾಸಿಗೆ ಎಲ್ಲಿ ಬರುತ್ತದೆಂದು ನನಗೆ ಗೊತ್ತು:
ಕೋಷ್ಟಕ ಒಂಬತ್ತು, 'ಲಭ್ಯ'.

ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಮೀನು ಕೊಂಡೆ, ಇದ್ದಷ್ಟೂ.
ಬೆಲೆಯಲ್ಲಿ ಒಂದು ಕ್ವಾಚಾ ಬಿಡಲಿಲ್ಲ ಪುಣ್ಯಾತ್ಗಿತ್ತಿ,
ಕೊಸರು ಮಾತ್ರ ಒಂದು ಹಿಡಿ ಹಾಕಿದಳು.
ಬಸ್ಸಿನಲ್ಲಿ ಪಕ್ಕದವರು ಎದ್ದು ಹಿಂದೆ ಹೋಗಿ ಕೂತರು.
'ಇಷ್ಟೊಂದು ಯಾಕೆ?' ಎಂದಳು ಹೆಂಡತಿ.
ಒಂದು ತಿಂಗಳು ಅದೇ ಸಾರು, ಅದೇ ಪ್ರಶ್ನೆ.

ಸಾಲ ಬಂತು. ಸಾಲದು ಎಂದರು.
ಮತ್ತೆ ಮೂವರು ಬಂದರು, ಬೇರೆಯವರು,
ಮಗಳ ಹೆಸರು ಕೇಳಲಿಲ್ಲ.
ಹದಿನಾಲ್ಕರ ಮುಂದೆ ಬೆರಳು ನಿಂತದ್ದು ನಿಜ,
ಒಂದು ಹನಿ ಬೀಳುವಷ್ಟು ಹೊತ್ತು.
ಈ ಸಲ ರಿಬ್ಬನ್ನು ಹೊಸತು.
ಒಂದೇ ಏಟಿಗೆ ಮೂಡಿತು, ದುಂಡಗೆ.