ಹತ್ತು ಖಾನೆಗಳು

ಮಾರ್ಚ್ ತಿಂಗಳ ಮಂಗಳವಾರ, ಸಂಜೆ ಆರೂವರೆ.
ಶಾಲೆಯ ಊಟದ ಹಾಲಿನಲ್ಲಿ ಇನ್ನೂ ಮಧ್ಯಾಹ್ನದ ಚೀಸಿನ ವಾಸನೆ.
ಹನ್ನೊಂದನೆಯ ತರಗತಿಯ ಮಕ್ಕಳು, ಅವರನ್ನು ಹೆತ್ತವರು.
ಬೂಟುಗಳಿಂದ ಇಳಿದ ಹಿಮ
ಕುರ್ಚಿಗಳ ಕೆಳಗೆ ಪುಟ್ಟ ಪುಟ್ಟ ಕೆರೆ ಕಟ್ಟಿತ್ತು.
ಹತ್ತೊಂಬತ್ತು ವರ್ಷದಿಂದ ನಾನು ಹೇಳುವುದು ಇದೇ:
ಗಾಬರಿ ಬೇಡ, ಸಮಯವಿದೆ.
ಎರಡೂ ಪೂರ್ತಿ ನಿಜವಲ್ಲ.

ಮೇಯ್ನ್ ರಾಜ್ಯದ ಈ ಉತ್ತರದ ತುದಿಯಲ್ಲಿ
ಆಲೂಗಡ್ಡೆ ಕೀಳಲೆಂದೇ ಶಾಲೆಗೆ ರಜೆ ಕೊಡುತ್ತಾರೆ.
ಕಾಲೇಜುಗಳ ಕೈಪಿಡಿಯಲ್ಲಿ ಮಾತ್ರ
ಆ ಋತುವೆಂದರೆ ಕೆಂಪೆಲೆ, ಹುಲ್ಲಿನ ಮೇಲೆ ಕೂತು ನಗುವವರು.
ಯಾರ ಉಗುರಲ್ಲೂ ಮಣ್ಣಿಲ್ಲ.

ಶ್ರೀಮತಿ ವಿಲೆಟ್ ಗೆರೆ ಎಳೆದು ಬರೆದುಕೊಂಡರು:
ಪರೀಕ್ಷೆ ಮೇ ತಿಂಗಳಲ್ಲಿ,
ಶಿಫಾರಸು ಪತ್ರ ಬೇಸಿಗೆ ರಜೆಗೆ ಮುಂಚೆ,
ಪ್ರಬಂಧ ಆಗಸ್ಟಿನೊಳಗೆ.
ಮಗ ಥೇನ್ ಮೇಜಿನಡಿ ಫೋನು ಒತ್ತುತ್ತಿದ್ದ.
ಆಕೆಗೆ ಖಂಡಿತ ಸೀಟು ಸಿಗುತ್ತದೆ. ಅವನದು ಹೇಳಲಾರೆ.

ಸಾಲ ಎಷ್ಟಾಗುತ್ತೆ, ಹಿಂದಿನ ಸಾಲಿನಿಂದ ಯಾರೋ ಕೇಳಿದರು.
ಅಂಕಿ ಹೇಳಿದೆ.
ಅಡಿಗೆಮನೆಯ ಫ್ರಿಜ್ಜು ಗುಂಯ್‌ಗುಡುವುದು
ಆಗ ಎಲ್ಲರಿಗೂ ಕೇಳಿಸಿತು.

ಕೊನೆಗೆ ಉಳಿದವರು ಇಬ್ಬರು.
ಲೋರ್ನ್ ಮಿಶೋ, ರಸ್ತೆಯ ಹಿಮ ತಳ್ಳುವ ಲಾರಿಯವನು,
ಟೋಪಿ ಮೊಣಕಾಲ ಮೇಲೆ.
ಮಗಳು ಡೆಲ್ಫಿನ್, ಮುಂದೆ ಅರ್ಜಿಯ ಕರಡು.
ಚಟುವಟಿಕೆಗಳು ಎಂಬಲ್ಲಿ ಹತ್ತು ಖಾನೆ,
ತುಂಬಿದ್ದು ಎರಡು:
ಬ್ಯಾಂಡಿನಲ್ಲಿ ಕ್ಲಾರಿನೆಟ್, ಒಂದು ವರ್ಷ.
ಆಲೂಗಡ್ಡೆ ಕೊಯ್ಲು, ಮೂರು ವಾರ.
"ಇನ್ನೇನೂ ಇಲ್ಲ," ಅಂದಳು. "ಮನೆಗೆ ಹೋಗ್ತೀನಿ, ಅಷ್ಟೇ."

ಹಣದ ನೆರವಿನ ಹಾಳೆಯನ್ನು ಅಪ್ಪನ ಮುಂದಿಟ್ಟೆ.
ಅವನು ದೂರ ಹಿಡಿದ, ಹತ್ತಿರ ಹಿಡಿದ,
ಕನ್ನಡಕ ಲಾರಿಯಲ್ಲಿ ಬಿಟ್ಟು ಬಂದೆ ಅಂದ.
ಡೆಲ್ಫಿನ್ ಕೈ ಚಾಚಿದಳು,
ಊಟದ ಮೇಜಿನಲ್ಲಿ ಉಪ್ಪು ಈಸಿಕೊಳ್ಳುವಷ್ಟು ಸಹಜವಾಗಿ,
ಓದತೊಡಗಿದಳು ಮೆಲ್ಲಗೆ,
ಕಷ್ಟದ ಪದ ಬಂದಲ್ಲಿ ನಿಲ್ಲದೆ
ಸುಲಭದ್ದೊಂದನ್ನು ಅದರ ಜಾಗಕ್ಕೆ ಹಾಕುತ್ತ.

"ಎಷ್ಟು ದಿನದಿಂದ?" ಕೇಳಿದೆ.
ಅವಳು ಬಾಯಿ ಬಿಡಲಿಲ್ಲ. ಅವನೇ ಹೇಳಿದ:
"ಎರಡನೇ ಕ್ಲಾಸಿಂದ. ಇವಳಮ್ಮ ಹೋದಾಗಿಂದ.
ವಿಮೆ, ಆಸ್ಪತ್ರೆ ಪತ್ರ, ಲಾರಿಯ ಕರಾರು.
ಲೈಸೆನ್ಸಿನ ಪುಸ್ತಕ ಇಡೀ ಓದಿ ಹೇಳಿದ್ಳು.
ಆಗ ಅವಳಿಗೆ ಒಂಬತ್ತು."

ವಾರಕ್ಕೆ ಎಷ್ಟು ಗಂಟೆ, ಕೇಳುತ್ತದೆ ಖಾನೆ.
ವರ್ಷಕ್ಕೆ ಎಷ್ಟು ವಾರ.
ನಿಮ್ಮ ಹುದ್ದೆ ಏನಾಗಿತ್ತು.

"ಅದನ್ನ ಬರೆಯಲ್ಲ," ಡೆಲ್ಫಿನ್ ಅಂದಳು.
"ಅದು ಚಟುವಟಿಕೆ ಅಲ್ಲ."
ಹಿಮಕ್ಕಿಂತ ಬೇಗ ಮಾತು ಹರಡುವ ಊರು ಇದು.
ನಾನು ಒತ್ತಾಯಿಸಲಿಲ್ಲ.
ಇಂಥ ಕಥೆಗೆ ಅಲ್ಲಿ ಬೆಲೆಯಿದೆ ಎಂದು ನನಗೆ ಗೊತ್ತು,
ಗೊತ್ತಿರುವುದಕ್ಕೆ ಸ್ವಲ್ಪ ನಾಚಿಕೆಯೂ.

ಲೋರ್ನ್ ಎದ್ದ. ಟೋಪಿ ಹಾಕಿದ, ತೆಗೆದ.
"ಬರಿ," ಅಂದ.
"ಅಪ್ಪಾ."
"ಬರಿ ಅಂದೆನಲ್ಲ. ಆದ್ರೆ ಓದೋಕೆ ಬರಲ್ಲ ಅಂತ ಬೇಡ.
ಕೇಳೋಕೆ ಬರುತ್ತೆ ಅಂತ ಬರಿ."

ಮೂರನೆಯ ಖಾನೆ ತುಂಬಲು ಇಪ್ಪತ್ತು ನಿಮಿಷ ಹಿಡಿಯಿತು.
ಒರೆಸಿದಳು, ಬರೆದಳು, ಮತ್ತೆ ಒರೆಸಿದಳು.
ಆಮೇಲೆ ಅವನಿಗೆ ಓದಿ ಹೇಳಿದಳು,
ಈ ಸಲ ಯಾವ ಪದವನ್ನೂ ಬದಲಿಸದೆ.
ಒಂದು ಪದ ಅವನಿಗೆ ಅರ್ಥವಾಗಲಿಲ್ಲ. ಕೇಳಿದ. ಹೇಳಿದಳು.

ಹೊರಗೆ ಮತ್ತೆ ಬೀಳತೊಡಗಿತ್ತು.
ಬೆಳಗಿನ ನಾಲ್ಕಕ್ಕೆ ಅವನಿಗೆ ಕೆಲಸ.
ಬರುವ ವರ್ಷ ಸೆಪ್ಟೆಂಬರ್ ಕಳೆದ ಮೇಲೆ
ಆ ಮನೆಗೆ ಬರುವ ಪತ್ರಗಳನ್ನು ಯಾರು ಓದುತ್ತಾರೆ
ಎಂದು ಮೂವರಲ್ಲಿ ಯಾರೂ ಕೇಳಲಿಲ್ಲ.
ನಾನು ಕುರ್ಚಿ ಮಡಚತೊಡಗಿದೆ.
ಅವನೂ ಮಾತಿಲ್ಲದೆ ಎರಡೆರಡಾಗಿ ಎತ್ತಿ
ಗೋಡೆಗೆ ಒರಗಿಸಿದ.