ಅರ್ಥದ ವೈರು

ಹೆಸರಿನಾಗ ಬಿಳಿಕುದರಿ, ಕಾರು ಮಾತ್ರ ಕೆಂಪು.
ಎರಡೇ ಬಾಗಿಲು, ಎರಡೇ ಸೀಟು,
ನೆಲಕ್ಕ ಹೊಟ್ಟಿ ಹಚ್ಚಿ ಹರದಾಡೂ ಜಾತಿ.
ನವನಗರದ ಹಂಪಿಗೆ ಹೆದರಿ
ಓರೆ ಓರೆ ಬಂದು
ನನ್ನ ಅಂಗಡಿ ಮುಂದ ನಿಂತಿತು.

ಡಾಕ್ಟರ್ ಶಶಿಕಲಾ ಬಿಳಿಕುದರಿ, ಅರವಳಿಕೆಯವರು.
ನನ್ನ ಅಪೆಂಡಿಕ್ಸ್ ತೆಗಿಯೂ ಮುಂದ
'ದಾವಲಸಾಬ, ನೂರರಿಂದ ಹಿಂದಕ್ಕ ಎಣಸು' ಅಂದವರು ಇವರೇ;
ತೊಂಬತ್ತೇಳು ದಾಟಿದ್ದು ನನಗ ನೆನಪಿಲ್ಲ.

'ಹಳೇದು ತೆಗಿ. ಹೊಸಾದು ದಾರೀನೂ ಹೇಳಬೇಕು,
ಹಾಡಿದರ ಎದಿ ನಡಗಬೇಕು.'
ನಾ ಕೇಳಲಿಲ್ಲ, ಆದರೂ ಹೇಳಿದರು:
'ಮೂವತ್ತೊಂದು ವರ್ಷ ಮಂದೀನ ಮಲಗಸೇನಿ.'

ಡ್ಯಾಶ್‌ಬೋರ್ಡ್ ಬಿಚ್ಚಿದೆ.
ಹಳೇ ಮಾಲಕ ಯಾವನೋ ಪುಣೆಯಾವ;
ಒಳಗ ಟೋಲ್ ಚೀಟಿ, ಒಂದು ಒಣ ಲವಂಗ,
ಯಾವನೋ ಅರ್ಧಮರ್ಧ ಟೇಪ್ ಸುತ್ತಿ ಬಿಟ್ಟ ಜಾಯಿಂಟು.
ಬೈಕೋತ ಹಲ್ಲಿಲೇ ವೈರು ಸುಲಿದೆ.
ಹಳದಿ ಬ್ಯಾಟರಿಗೆ, ಕೆಂಪು ಚಾವಿಗೆ,
ನೇರಳಿ ಹಿಂದಿನ ಸ್ಪೀಕರಿಗೆ,
ಕರೀದು ಅರ್ಥಕ್ಕ.

ಅದು ಇಂಗ್ಲಿಷಿನ ಅರ್ಥ್, ಭೂಮಿ ಅಂತ.
ಉಸ್ತಾದ ಲಾಲಸಾಬ ಅತ್ತಾರ ಅದನ್ನ ಕನ್ನಡಕ್ಕ ಬಗ್ಗಿಸಿ
'ಅರ್ಥ ಸರಿ ಕೊಟ್ಟೀಯೇನಲೇ?' ಅಂತಿದ್ದ.
ಅರ್ಥ ಸಿಗದ ಸ್ಪೀಕರು ಮಾತಾಡತೈತಿ, ಹಾಡತೈತಿ,
ಹಿಂದ ಮಾತ್ರ ಗುಂಯ್ ಅನ್ನೂ ಸೊಳ್ಳಿ ಸಾಯೂದಿಲ್ಲ.

ದಾರಿ ಪೆಟ್ಟಿಗಿಗೆ ನನ್ನದೊಂದು ಪರೀಕ್ಷೆ ಐತಿ,
ಗಿರಾಕಿಗೆ ಹೇಳೂದಿಲ್ಲ.
ಉಸ್ತಾದನ ಹಳೇ ಅಂಗಡಿ ಇದ್ದ ಜಾಗಾ ಒತ್ತತೀನಿ.
ಅಲ್ಲೀಗ ಘಟಪ್ರಭೆಯ ಹಿನ್ನೀರು;
ಬ್ಯಾಸಿಗ್ಯಾಗ ಗೋಡಿ ಬುಡ ಕಾಣತಾವ, ಶ್ರಾವಣದಾಗ ಮೀನ.
ಅಗ್ಗದ ಪೆಟ್ಟಿಗಿ 'ನೇರ ಹೋಗಿ' ಅಂತೈತಿ,
ನೀರಿನ್ಯಾಗೂ ನೇರ.
ಹೋದ ವರ್ಷ ಒಂದು
ನಡೂ ನೀರಿನ್ಯಾಗ ಪೆಟ್ರೋಲ್ ಬಂಕ್ ತೋರಿಸಿತು,
ವಾಪಸ್ ಕಳಿಸಿದೆ.
ಛಲೋ ಪೆಟ್ಟಿಗಿ ದಂಡಿಗೆ ನಿಲ್ಲಬೇಕು.

ಇದು ನಿಂತಿತು.
ವಿದ್ಯಾಗಿರಿಗೆ 'ವೈದ್ಯಗೀರಿ', ಮುಚಖಂಡಿಗೆ 'ಮುಚ್‌ಖಾಂಡಿ',
ಹಿಂಗ ನಮ್ಮ ಊರುಗಳ ಹಲ್ಲು ಮುರಕೋತ ಬಂದು
ನೀಲಿಯ ಅಂಚಿನಾಗ, ಮೆಲ್ಲಕ:
'ಇಲ್ಲಿಂದ ಮುಂದೆ ರಸ್ತೆ ಇಲ್ಲ.'

ಡಾಕ್ಟರು ಕಿಡಕಿಯಾಗ ಬಗ್ಗಿ ನೋಡಾಕತ್ತಿದ್ದರು.
'ಯಾರ ಮನಿ ಅದು?'
'ಮನಿ ಅಲ್ರಿ, ಅಂಗಡಿ.'
'ಗೊತ್ತು. ಅದರ ಮಾಳಗಿ ಮ್ಯಾಲ ಟೈಪಿಂಗ್ ಕಲ್ಯಾಕ ಹೋಗತಿದ್ದೆ.
ಕೆಳಗ ದಿನಾ ಒಬ್ಬ ಹುಡುಗ
ಹಲೋ ಹಲೋ ಮೈಕ್ ಟೆಸ್ಟಿಂಗ್ ಅಂತಿದ್ದ,
ಒಂದು ಸಾಲೂ ತಪ್ಪಿಲ್ಲದ ಆಗಲಿಲ್ಲ.'
ನಾ ಸ್ಕ್ರೂ ಹುಡುಕಿದೆ, ಕೈಯಾಗ ಇದ್ದದ್ದನ್ನ.

ಹಾಡು ಹಚ್ಚಾಕ ಹೋದರ ಬ್ಯಾಡ ಅಂದರು.
ಏನೂ ಹಚ್ಚದ ದನಿ ಪೂರ್ತಿ ಏರಿಸಿ,
ಕಣ್ಣು ಮುಚ್ಚಿ ಸ್ಪೀಕರಿಗೆ ಕಿವಿ ಕೊಟ್ಟರು,
ಮಲಗಿದವರ ಉಸಿರು ಕೇಳೂ ಹಂಗ.
'ಸೊಳ್ಳಿ ಐತಿ.'

ಇತ್ತು. ಸೀಟಿನ ಕೆಳಗ ತಾಸು ಗಟ್ಟಲೆ ಬೋರಲ ಬಿದ್ದೆ.
ಬಣ್ಣದ ಮ್ಯಾಲ ಬಿಗದರ ಅರ್ಥ ಹತ್ತೂದಿಲ್ಲ;
ಕೆಂಪು ಕೆರದು, ಅದರ ಕೆಳಗಿನ ಬೂದಿ ಬಣ್ಣ ಕೆರದು,
ಬರೀ ಕಬ್ಬಿಣ ಹೊಳದ ಮ್ಯಾಲ
ಕರೀ ವೈರು ಕೂಡಿಸಿದೆ.
ಸೊಳ್ಳಿ ಸತ್ತಿತು.

ಉಳಿದದ್ದು ಫೋನಿನ ಪರೀಕ್ಷೆ.
ಅವರು ಕಾರಿನಾಗ, ನಾ ಅಂಗಡಿಯಾಗ.
ಹಚ್ಚಿದೆ. ಬಾಯಿಗೆ ತಾನಾಗೇ ಬಂತು:
'ಹಲೋ, ಹಲೋ, ಮೈಕ್...'
ನನ್ನ ದನಿ ಆರೂ ಸ್ಪೀಕರಿನ್ಯಾಗ, ನನಗಿಂತ ದೊಡ್ಡದು.

ಡಾಕ್ಟರು ನಗಲಿಲ್ಲ. ಗೇರ್ ಹಾಕಿದರು.
'ಇಡಬ್ಯಾಡ. ನೂರರಿಂದ ಹಿಂದಕ್ಕ ಎಣಸು.'
ಎಣಿಸಿದೆ. ತೊಂಬತ್ತೆಂಟು. ತೊಂಬತ್ತೇಳು.
ತೊಂಬತ್ತಾರು, ಎಚ್ಚರಿದ್ದೆ.
ಹಂಪು ದಾಟಿದ ಸಪ್ಪಳ ಕೇಳಿತು, ಆಮ್ಯಾಲ ಗಾಳಿ.
ಗದ್ದನಕೇರಿ ಕ್ರಾಸಿನ ಹತ್ತಿರ ಎಲ್ಲೋ,
ಅರವತ್ತೆರಡಕ್ಕ,
ಲೈನ್ ಕಡೀತು.